ನಿದ್ದೆಯಲ್ಲಿ ಉಸಿರು ನಿಲ್ಲಿಸುವ ಎಳೆ ಮಕ್ಕಳು: ಎನ್‌ಐಸಿಯು ಬಾಗಿಲಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನ ಒಂದು ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ಐಸಿಯುನಲ್ಲಿ ನರ್ಸ್. ಮಳವಳ್ಳಿ, ಕೆ.ಆರ್. ಪೇಟೆ, ಪಾಂಡವಪುರ, ಹುಣಸೂರು, ಎಚ್.ಡಿ. ಕೋಟೆ ಕಡೆಯಿಂದೆಲ್ಲ ತಿಂಗಳು ತುಂಬದ ಮಕ್ಕಳು ನಮ್ಮಲ್ಲಿಗೆ ಬರುತ್ತವೆ. ಡಾಕ್ಟರ್ ರೌಂಡ್ಸ್ ಮುಗಿಸಿ ಹೋದ ಮೇಲೆ ಮನೆಯವರು ಮೆಲ್ಲಗೆ ಬಂದು ಕೇಳುವ ಪ್ರಶ್ನೆಗಳೇ ಇವು. ಕೇಳಿದ ಹಾಗೆಯೇ ಬರೆದಿದ್ದೇನೆ. ನಿಮ್ಮ ಮಗುವಿನ ಔಷಧಿ, ಡೋಸ್, ಡಿಸ್ಚಾರ್ಜ್ ವಿಷಯದಲ್ಲಿ ಮಾತ್ರ ನಿಮ್ಮ ಡಾಕ್ಟರ್ ಹೇಳಿದ್ದೇ ಲೆಕ್ಕ.

ಮಗು ಆಗಾಗ ಉಸಿರು ನಿಲ್ಲಿಸ್ತಾ ಇದೆ ಅಂತಾರೆ. ಹಾಗಂದ್ರೆ ಏನು?

ಆಸ್ಪತ್ರೆಯಲ್ಲಿ ಇದನ್ನು ಅಪ್ನಿಯಾ ಅಂತಾರೆ. ಉಸಿರು 20 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ನಿಂತರೆ ಅದು ಅಪ್ನಿಯಾ. ಅಷ್ಟು ಹೊತ್ತು ನಿಲ್ಲದಿದ್ದರೂ, ಜೊತೆಗೆ ಹೃದಯ ಬಡಿತ ಇಳಿದರೆ ಅಥವಾ ರಕ್ತದಲ್ಲಿ ಆಕ್ಸಿಜನ್ ಕಡಿಮೆಯಾದರೆ ಅದನ್ನೂ ಸೇರಿಸಿಕೊಳ್ಳುತ್ತೇವೆ.

ಕಾರಣ ಮಗುವಿನ ವಯಸ್ಸು. ಹೊಟ್ಟೆಯಲ್ಲಿರುವಾಗ ಆಕ್ಸಿಜನ್ ಹೊಕ್ಕುಳ ಬಳ್ಳಿಯಿಂದಲೇ ಬರುತ್ತದೆ. ಮಗು ಎದೆ ಆಡಿಸುತ್ತಿರುತ್ತದೆ, ಆದರೆ ಅದು ಬರೀ ಅಭ್ಯಾಸ, ಮಧ್ಯೆ ನಿಲ್ಲಿಸಿದರೂ ನಷ್ಟವಿಲ್ಲ. ಏಳನೇ ತಿಂಗಳಲ್ಲೇ ಹುಟ್ಟಿದ ಮಗು ಹೊರಗೆ ಬಂದ ಮೇಲೂ ಅದೇ ಹಳೇ ಅಭ್ಯಾಸ ಮುಂದುವರಿಸುತ್ತದೆ. ಉಸಿರಾಟ ನಡೆಸುವ ಮಿದುಳಿನ ಬುಡದ ಭಾಗ ಇನ್ನೂ ಬಲಿತಿರುವುದಿಲ್ಲ. ಆಕ್ಸಿಜನ್ ಕಡಿಮೆಯಾದರೆ ನಾವು ಜೋರಾಗಿ ಉಸಿರಾಡುತ್ತೇವೆ. ಈ ಮಕ್ಕಳು ಸ್ವಲ್ಪ ಹೊತ್ತು ಜೋರು ಮಾಡಿ, ಆಮೇಲೆ ಇನ್ನೂ ನಿಧಾನ ಮಾಡಿಬಿಡುತ್ತವೆ. ತಾಯಿ ಗರ್ಭಿಣಿಯಾಗಿದ್ದಾಗ ಏನೋ ತಿಂದಳು, ಎಲ್ಲೋ ಹೋದಳು ಅಂತ ಇದು ಬರುವುದಿಲ್ಲ. ಕಾರಿಡಾರಿನಲ್ಲಿ ಈ ಮಾತು ಆಡುವ ನೆಂಟರಿಗೆ ದಯವಿಟ್ಟು ಇದನ್ನು ಓದಿ ಹೇಳಿ.

ನಿದ್ದೆಯಲ್ಲೇ ಯಾಕೆ ಜಾಸ್ತಿ?

ಈ ಮಕ್ಕಳು ದಿನದ ಬಹುಪಾಲು ನಿದ್ದೆಯಲ್ಲೇ ಇರುತ್ತವೆ. ಅದರಲ್ಲೂ ಹೆಚ್ಚಿನದು ಗಾಢ ನಿದ್ದೆಯಲ್ಲ, ಚಟುವಟಿಕೆಯ ನಿದ್ದೆ. ರೆಪ್ಪೆಯೊಳಗೆ ಕಣ್ಣುಗುಡ್ಡೆ ಓಡಾಡುತ್ತದೆ, ತುಟಿ ನಗುತ್ತದೆ, ಬೆರಳು ಚಿಮ್ಮುತ್ತದೆ. ದೇವರು ಆಡಿಸ್ತಾ ಇದ್ದಾನೆ ಅಂತ ಅಜ್ಜಿಯರು ಹೇಳ್ತಾರಲ್ಲ, ಆ ಹೊತ್ತು. ಆಗ ಉಸಿರಿನ ಲಯ ತಪ್ಪುತ್ತದೆ. ಪಕ್ಕೆಲುಬಿನ ನಡುವಿನ ಸ್ನಾಯುಗಳು ಸಡಿಲವಾಗುತ್ತವೆ. ಹೊಟ್ಟೆ ಮೇಲೇಳುವಾಗ ಎದೆ ಒಳಗೆ ಹೋಗುತ್ತದೆ. ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಕಡಿಮೆ. ಹಾಗಾಗಿ ಉಸಿರು ಸ್ವಲ್ಪ ನಿಂತರೂ ಆಕ್ಸಿಜನ್ ಬೇಗ ಇಳಿಯುತ್ತದೆ.

ಇನ್ನೊಂದು ಬಗೆಯೂ ಇದೆ. ಮಗು ಉಸಿರೆಳೆಯಲು ಪ್ರಯತ್ನ ಪಡುತ್ತಿರುತ್ತದೆ, ಆದರೆ ಗಂಟಲ ಹತ್ತಿರ ದಾರಿ ಮುಚ್ಚಿಕೊಂಡಿರುತ್ತದೆ. ಎಳನೀರಿಗೆ ಕೊಡುವ ಪೇಪರ್ ಸ್ಟ್ರಾ ನೆನೆದ ಮೇಲೆ ಜೋರಾಗಿ ಹೀರಿದರೆ ಒಳಕ್ಕೆ ಅಂಟಿಕೊಳ್ಳುತ್ತದಲ್ಲ, ಹಾಗೆ. ಕತ್ತು ಎದೆಗೆ ಬಗ್ಗಿದ್ದರೆ ಇದು ಇನ್ನೂ ಸುಲಭ. ಹೆಚ್ಚಿನ ಮಕ್ಕಳಲ್ಲಿ ಎರಡೂ ಬೆರೆತೇ ಇರುತ್ತವೆ.

ನಮ್ಮ ಮಗು ಬಿಟ್ಟು ಬಿಟ್ಟು ಉಸಿರಾಡುತ್ತೆ. ಅದೂ ಇದೇನಾ?

ಬಹುಶಃ ಅಲ್ಲ. ಹತ್ತು ಹದಿನೈದು ಸೆಕೆಂಡ್ ಬೇಗ ಬೇಗ ಉಸಿರಾಡಿ, ಐದರಿಂದ ಹತ್ತು ಸೆಕೆಂಡ್ ಸುಮ್ನೆ ಇದ್ದು, ತಾನೇ ಮತ್ತೆ ಶುರು ಮಾಡಿದರೆ ಅದು ಎಳೆ ಮಕ್ಕಳ ಸಹಜ ಉಸಿರಾಟ. ಬಣ್ಣ ಬದಲಾಗುವುದಿಲ್ಲ, ಹೃದಯ ಬಡಿತ ಇಳಿಯುವುದಿಲ್ಲ. ತಿಂಗಳು ತುಂಬಿದ ಮಕ್ಕಳಲ್ಲೂ ಇದು ಕಾಣುತ್ತದೆ.

ತಿಂಗಳು ತುಂಬದ ಎಲ್ಲ ಮಕ್ಕಳಿಗೂ ಬರುತ್ತಾ?

ಗರ್ಭದ 28 ವಾರಕ್ಕೆ ಮುಂಚೆ ಹುಟ್ಟಿದ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಬರುತ್ತದೆ. 30 ವಾರದ ಹತ್ತಿರ ಸುಮಾರು ಅರ್ಧದಷ್ಟು ಮಕ್ಕಳಿಗೆ. 34 ವಾರ ದಾಟಿದವರಲ್ಲಿ ಕಡಿಮೆ. ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಬಂದರೆ ಮಾತ್ರ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕುವುದಿಲ್ಲ, ಬೇರೆ ಕಾರಣ ಹುಡುಕುತ್ತಾರೆ.

ಮಾನಿಟರ್ ಕೂಗಿದಾಗಲೆಲ್ಲ ಜೀವ ಬಾಯಿಗೆ ಬರುತ್ತೆ. ನೀವು ಯಾರೂ ಓಡಿ ಬರೋದೇ ಇಲ್ಲ!

ಈ ಪ್ರಶ್ನೆಯಲ್ಲಿ ಸಿಟ್ಟು ಇರುತ್ತದೆ, ಇರಬೇಕಾದದ್ದೇ. ಯಾಕೆ ಓಡುವುದಿಲ್ಲ ಅಂತ ಹೇಳುತ್ತೇನೆ.

ಮಗುವಿನ ಪಾದಕ್ಕೆ ಸುತ್ತಿ, ಕೆಂಪಗೆ ಹೊಳೆಯುವ ಪಟ್ಟಿ ಆಕ್ಸಿಜನ್ ಅಳೆಯುತ್ತದೆ. ಮಗು ಕಾಲು ಒದ್ದರೆ, ಪಾದ ತಣ್ಣಗಾದರೆ, ಪಟ್ಟಿ ಸಡಿಲವಾದರೆ ಅದಕ್ಕೆ ಲೆಕ್ಕ ಸಿಗುವುದಿಲ್ಲ, ಕೂಗುತ್ತದೆ. ಅದಕ್ಕೆ ನಾವು ಮೊದಲು ಸಂಖ್ಯೆ ನೋಡುವುದಿಲ್ಲ, ಅದರ ಪಕ್ಕದ ಅಲೆ ನೋಡುತ್ತೇವೆ. ಅಲೆ ಒಂದೇ ಸಮನಾಗಿ ಬರುತ್ತಿದ್ದರೆ ಸಂಖ್ಯೆ ನಂಬಬಹುದು. ಅಲೆ ಚಿಂದಿಯಾಗಿದ್ದರೆ ಸಂಖ್ಯೆಯೂ ಸುಳ್ಳು. ಅಲೆಯ ಜೊತೆಗೇ ಮಗುವನ್ನೂ ನೋಡುತ್ತೇವೆ: ಎದೆ ಏಳುತ್ತಿದೆಯಾ, ತುಟಿ ಯಾವ ಬಣ್ಣ. ದೂರದಿಂದಲೇ ಇದು ಕಾಣುತ್ತದೆ, ಹಾಗಾಗಿ ನೀವು ನೋಡುವಾಗ ನಾವು ಸುಮ್ನೆ ನಿಂತ ಹಾಗೆ ಅನಿಸುತ್ತದೆ.

ತದ್ವಿರುದ್ಧವೂ ಆಗುತ್ತದೆ. ಎದೆಗೆ ಅಂಟಿಸಿದ ಸ್ಟಿಕ್ಕರ್‌ಗಳು ಎದೆ ಅಲುಗಾಡುವುದನ್ನು ಮಾತ್ರ ಎಣಿಸುತ್ತವೆ. ಗಂಟಲು ಮುಚ್ಚಿಕೊಂಡು ಮಗು ಒದ್ದಾಡುವಾಗಲೂ ಎದೆ ಅಲುಗುತ್ತದೆ. ಮೆಷಿನ್‌ಗೆ ಅದು ಉಸಿರಾಟ. ಆಗ ಸತ್ಯ ಹೇಳುವುದು ಪಾದದ ಪಟ್ಟಿ. ಅದಕ್ಕೇ ಒಂದು ಮಗುವಿಗೆ ಅಷ್ಟೊಂದು ವೈರು.

ಹೃದಯ ಬಡಿತ ನಿಮಿಷಕ್ಕೆ 120ರಿಂದ 160ರ ಸುತ್ತ ಇರುವುದು ಸಾಮಾನ್ಯ. ನಿದ್ದೆಯಲ್ಲಿ ಸ್ವಲ್ಪ ಕೆಳಗಿಳಿಯಬಹುದು. 100ಕ್ಕಿಂತ ಕೆಳಗೆ ಹೋದರೆ, ತುಟಿ ನೀಲಿಯಾದರೆ ನಾವು ನಡೆದುಕೊಂಡು ಬರುವುದಿಲ್ಲ, ನೀವೇ ನೋಡುತ್ತೀರಿ.

ಸಿಸ್ಟರ್ ಮಗುವಿನ ಅಂಗಾಲಿಗೆ ಬೆರಳಲ್ಲಿ ಹೊಡೆದರು. ಯಾಕೆ?

ಎಬ್ಬಿಸೋದಕ್ಕೆ. ಅಂಗಾಲಿಗೆ ಮೆಲ್ಲಗೆ ಚಿಮ್ಮುತ್ತೇವೆ ಅಥವಾ ಬೆನ್ನು ಉಜ್ಜುತ್ತೇವೆ. ಹೆಚ್ಚಿನ ಸಲ ಅಷ್ಟೇ ಸಾಕು, ಮಗು ಮುಖ ಸೊಟ್ಟ ಮಾಡಿಕೊಂಡು ಉಸಿರು ಶುರು ಮಾಡುತ್ತದೆ. ಕತ್ತು ಬಗ್ಗಿದ್ದರೆ ನೇರ ಮಾಡುತ್ತೇವೆ. ಅದಕ್ಕೂ ಉಸಿರು ಶುರುವಾಗದಿದ್ದರೆ ಮಾಸ್ಕ್ ಇಟ್ಟು ಬ್ಯಾಗ್ ಒತ್ತಿ ಉಸಿರು ಕೊಡುತ್ತೇವೆ. ಪ್ರತಿ ಸಲವೂ ಚಾರ್ಟಿನಲ್ಲಿ ಬರೆಯುತ್ತೇವೆ: ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡ್, ತಾನೇ ಸರಿಹೋಯಿತಾ, ಮುಟ್ಟಬೇಕಾಯಿತಾ. ಈ ಚಾರ್ಟ್ ಕೇಳಿ ನೋಡಿ, ತಪ್ಪೇನಿಲ್ಲ.

ಮಗುವಿಗೆ ಕಾಫಿ ಔಷಧಿ ಕೊಡ್ತಾರಂತೆ, ನಿಜಾನಾ?

ನಿಜ, ಕೆಫೀನ್ ಸಿಟ್ರೇಟ್. ಮಿದುಳಿನ ಉಸಿರಾಟದ ಭಾಗವನ್ನು ಎಚ್ಚರವಾಗಿಡುತ್ತದೆ, ಎದೆ ಹೊಟ್ಟೆಯ ನಡುವೆ ಇರುವ ಉಸಿರಾಟದ ಸ್ನಾಯುವಿಗೂ (ವಪೆ) ಬಲ ಕೊಡುತ್ತದೆ. ಮೊದಲು ಒಂದು ದೊಡ್ಡ ಡೋಸ್, ಆಮೇಲೆ ದಿನಕ್ಕೊಂದು ಸಣ್ಣ ಡೋಸ್. ಹಿಂದೆ ಇದಕ್ಕೆ ಅಮಿನೊಫಿಲಿನ್ ಅನ್ನುವ ಔಷಧಿ ಜಾಸ್ತಿ ಬಳಸುತ್ತಿದ್ದರು, ಈಗಲೂ ಕೆಲವು ಕಡೆ ಇದೆ. ಕೆಫೀನಿನಲ್ಲಿ ತೊಂದರೆ ಕಡಿಮೆ, ದಿನಕ್ಕೆ ಒಂದೇ ಸಲ ಸಾಕು.

ಇದು ಗಟ್ಟಿಯಾಗಿ ಪರೀಕ್ಷೆಯಾದ ಔಷಧಿ. 2006 ಮತ್ತು 2007ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ 500ರಿಂದ 1250 ಗ್ರಾಂ ತೂಕದ ಸುಮಾರು ಎರಡು ಸಾವಿರ ಮಕ್ಕಳಿದ್ದರು. ಕೆಫೀನ್ ಪಡೆದ ಮಕ್ಕಳು ಉಸಿರಾಟದ ಮೆಷಿನ್‌ನಿಂದ ಬೇಗ ಹೊರಬಂದರು. ಒಂದೂವರೆ ವರ್ಷದ ಹೊತ್ತಿಗೆ ಅವರಲ್ಲಿ ಸೆರೆಬ್ರಲ್ ಪಾಲ್ಸಿಯೂ (ಮಿದುಳಿಗೆ ಪೆಟ್ಟಾಗಿ ಕೈಕಾಲಿನ ಚಲನೆಗೆ ಬರುವ ತೊಂದರೆ) ಕಡಿಮೆ ಇತ್ತು.

ದೊಡ್ಡವರಲ್ಲಿ ಕುಡಿದ ಕಾಫಿಯ ಕೆಫೀನ್ ಸುಮಾರು ಐದು ಗಂಟೆಯಲ್ಲಿ ಅರ್ಧ ಖಾಲಿಯಾದರೆ, ಈ ಮಕ್ಕಳಲ್ಲಿ ಅದಕ್ಕೆ ಮೂರು ನಾಲ್ಕು ದಿನ ಬೇಕು. ಈ ಒಂದು ವಿಷಯ ನೆನಪಿಡಿ, ಡಿಸ್ಚಾರ್ಜ್ ಯಾಕೆ ತಡವಾಗುತ್ತೆ ಅನ್ನುವ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

ಮತ್ತೆ, ಇದನ್ನು ಕೇಳಿ ಮನೆಯಲ್ಲಿ ಡಿಕಾಕ್ಷನ್ ಹನಿ ಹಾಕಬೇಡಿ. ನಗಬೇಡಿ, ಕೇಳಿದವರಿದ್ದಾರೆ.

ಮೂಗಿಗೆ ನಳಿಕೆ, ಪಕ್ಕದ ಬಾಟಲಿಯಲ್ಲಿ ನೀರು ಬುಳುಬುಳು ಅನ್ನುತ್ತೆ. ಅದೇನು?

ಸಿಪ್ಯಾಪ್. ಅದು ಮಗುವಿನ ಬದಲು ಉಸಿರಾಡುವುದಿಲ್ಲ. ಮೂಗಿನಿಂದ ಸಣ್ಣ ಒತ್ತಡದ ಗಾಳಿ ಕೊಟ್ಟು ಗಂಟಲಿನ ದಾರಿ ಮತ್ತು ಶ್ವಾಸಕೋಶ ಮುಚ್ಚಿಹೋಗದಂತೆ ನೋಡಿಕೊಳ್ಳುತ್ತದೆ. ಹೊರಹೋಗುವ ಪೈಪ್ ನೀರಿನಲ್ಲಿ 5 ಸೆಂಟಿಮೀಟರ್ ಮುಳುಗಿದ್ದರೆ ಒತ್ತಡವೂ 5. ಅಷ್ಟು ಸರಳ. ಗುಳ್ಳೆ ಬರುತ್ತಿದ್ದರೆ ಒತ್ತಡ ಇದೆ ಅಂತ ಅರ್ಥ. ಗುಳ್ಳೆ ನಿಂತರೆ ಎಲ್ಲೋ ಗಾಳಿ ಸೋರುತ್ತಿದೆ: ಮಗು ಬಾಯಿ ತೆರೆದಿರಬಹುದು, ನಳಿಕೆ ಮೂಗಿನಿಂದ ಜಾರಿರಬಹುದು. ಪಕ್ಕದಲ್ಲಿ ಕೂತ ತಾಯಂದಿರೇ ಎಷ್ಟೋ ಸಲ "ಸಿಸ್ಟರ್, ಗುಳ್ಳೆ ನಿಂತಿದೆ" ಅಂತ ಮೊದಲು ಹೇಳುತ್ತಾರೆ. ಹೇಳಿ, ಅದು ಸಹಾಯವೇ.

ಆಕ್ಸಿಜನ್ ಸ್ವಲ್ಪ ಜಾಸ್ತಿ ಇಟ್ಟುಬಿಡಬಾರದಾ?

ಬಾರದು. ಆಕ್ಸಿಜನ್ ಕೊಡುತ್ತಿರುವ ಎಳೆ ಮಕ್ಕಳಲ್ಲಿ ಪಾದದ ಪಟ್ಟಿಯ ಸಂಖ್ಯೆ ಶೇಕಡ 90ರಿಂದ 95 ಇದ್ದರೆ ಸಾಕು ಅಂತ ಇಡುತ್ತೇವೆ. ಜಾಸ್ತಿಯಾದರೆ ಕಣ್ಣಿನ ಹಿಂಪರದೆಯ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯುತ್ತವೆ. ಆರ್‌ಒಪಿ ಅನ್ನುವುದು ಇದಕ್ಕೇ, ಬಿಟ್ಟರೆ ಕುರುಡಾಗಬಹುದು. ಎರಡು ಕೆಜಿಗಿಂತ ಕಡಿಮೆ ತೂಕ ಅಥವಾ 34 ವಾರಕ್ಕಿಂತ ಮುಂಚೆ ಹುಟ್ಟಿದ ಮಗುವಿಗೆ ಹುಟ್ಟಿ 30 ದಿನದೊಳಗೆ ಕಣ್ಣಿನ ಪರೀಕ್ಷೆ ಆಗಲೇಬೇಕು. ತೀರಾ ಸಣ್ಣ ಮಕ್ಕಳಿಗೆ ಇನ್ನೂ ಮೊದಲು, ಎರಡು ಮೂರು ವಾರಕ್ಕೇ. ಮಗು ಚೆನ್ನಾಗಿದೆ, ಕಣ್ಣು ಬಿಟ್ಟು ನೋಡುತ್ತೆ ಅಂತ ಇದನ್ನು ತಪ್ಪಿಸಬೇಡಿ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಒಂದು ವಾರ ಚೆನ್ನಾಗಿತ್ತು, ನಿನ್ನೆಯಿಂದ ಮತ್ತೆ ಶುರುವಾಗಿದೆ. ರಕ್ತ ಬೇರೆ ತೆಗೆದಿದ್ದಾರೆ. ಯಾಕೆ?

ಈ ಪುಟದಲ್ಲಿ ಒಂದೇ ಉತ್ತರ ಓದುತ್ತೀರಾದರೆ ಇದನ್ನು ಓದಿ. ಮೊದಲಿನಿಂದ ನಿಲ್ಲಿಸುತ್ತಿದ್ದ ಸಣ್ಣ ಮಗು ಇವತ್ತೂ ನಿಲ್ಲಿಸಿದರೆ ನಮಗೆ ಅಷ್ಟು ಗಾಬರಿಯಿಲ್ಲ. ಚೆನ್ನಾಗಿದ್ದ ಮಗು ಹೊಸದಾಗಿ ನಿಲ್ಲಿಸಿದರೆ, ಅಥವಾ ದಿನಕ್ಕೆ ಎರಡು ಇದ್ದದ್ದು ಹತ್ತಾದರೆ, ಒಳಗೆ ಬೇರೇನೋ ನಡೆಯುತ್ತಿದೆ ಅಂತಲೇ ತಿಳಿಯುತ್ತೇವೆ.

ಮೊದಲ ಅನುಮಾನ ಸೋಂಕು. ಇಷ್ಟು ಎಳೆ ಮಗುವಿಗೆ ಜ್ವರ ಬರಲೇಬೇಕೆಂದಿಲ್ಲ. ಉಸಿರು ನಿಲ್ಲಿಸುವುದು, ಹಾಲು ಜೀರ್ಣವಾಗದಿರುವುದು, ಮಂಕಾಗುವುದೇ ಅದರ ಜ್ವರ. ಹಾಗಾಗಿ ರಕ್ತ ಕಲ್ಚರ್‌ಗೆ (ರೋಗಾಣು ಬೆಳೆಯುತ್ತದಾ ನೋಡುವ ಪರೀಕ್ಷೆಗೆ) ಹೋಗುತ್ತದೆ, ಕೆಲವೊಮ್ಮೆ ಬೆನ್ನಿನ ನೀರೂ ಹೋಗುತ್ತದೆ. ಸಕ್ಕರೆ ಅಂಶ ಇಳಿದಿದೆಯಾ, ರಕ್ತ ಕಡಿಮೆಯಾಗಿದೆಯಾ, ಮೈ ತಣ್ಣಗಾಗಿದೆಯಾ ಅಥವಾ ಮಗುವನ್ನು ಬೆಚ್ಚಗಿಡುವ ವಾರ್ಮರ್ ಬಿಸಿ ಜಾಸ್ತಿಯಾಗಿದೆಯಾ ನೋಡುತ್ತಾರೆ. ಹೃದಯದ ಹತ್ತಿರ ಮುಚ್ಚಬೇಕಾದ ರಕ್ತನಾಳ ತೆರೆದೇ ಇದೆಯಾ, ಮಿದುಳಿನಲ್ಲಿ ರಕ್ತಸ್ರಾವ ಆಗಿದೆಯಾ ಅಂತ ಸ್ಕ್ಯಾನ್ ಮಾಡುತ್ತಾರೆ. ಸಣ್ಣ ಮಕ್ಕಳಲ್ಲಿ ಫಿಟ್ಸ್ ಕೂಡ ಬರೀ ಉಸಿರು ನಿಲ್ಲಿಸಿದ ಹಾಗೆ ಕಾಣಬಹುದು. ಎಲ್ಲ ಸರಿ ಇದೆ ಅಂತ ರಿಪೋರ್ಟ್ ಬಂದರೆ ಒಳ್ಳೆಯದೇ, ರಕ್ತ ತೆಗೆದದ್ದು ದಂಡ ಅಲ್ಲ.

ತಾಯಿ ಏನು ಮಾಡಬಹುದು?

ಎದೆಗೆ ಹಾಕಿಕೊಳ್ಳಬಹುದು. ಕಾಂಗರೂ ಆರೈಕೆ. ಡಯಾಪರ್, ಟೋಪಿ ಬಿಟ್ಟು ಬೇರೆ ಬಟ್ಟೆ ಇಲ್ಲದ ಮಗುವನ್ನು ತಾಯಿಯ ಎದೆಯ ಮೇಲೆ ನೆಟ್ಟಗೆ ಇಟ್ಟು ಬಟ್ಟೆಯಿಂದ ಕಟ್ಟುವುದು. ತಲೆ ಒಂದು ಪಕ್ಕಕ್ಕೆ, ಗಲ್ಲ ಸ್ವಲ್ಪ ಮೇಲಕ್ಕೆ, ಮೂಗು ಕಾಣುತ್ತಿರಬೇಕು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಶುರುವಾದ ಪದ್ಧತಿ ಇದು. 2021ರಲ್ಲಿ ಭಾರತವೂ ಸೇರಿ ಐದು ದೇಶಗಳ ಅಧ್ಯಯನ ಬಂತು. ಮಗು ಸುಧಾರಿಸುವ ತನಕ ಕಾಯದೆ ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದಾಗ ಸಾವು ಶೇಕಡ 25ರಷ್ಟು ಕಡಿಮೆಯಾಯಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ಗಂಟೆ ಮಾಡಿ ಅಂತ ಹೇಳಿತು. ಸಿಪ್ಯಾಪ್ ಇದ್ದರೂ ಮಾಡಬಹುದು. ಬಾಣಂತಿಗೆ ಸುಸ್ತಾದರೆ ಅಪ್ಪ ಅಥವಾ ಅಜ್ಜಿ ಮಾಡಲಿ. ಎದೆಯಲ್ಲಿ ಕೂದಲಿದೆ ಅಂತ ಹಿಂಜರಿಯುವ ಅಪ್ಪಂದಿರಿಗೆ: ಮಗುವಿಗೆ ಅದರಿಂದ ಏನೂ ಆಗಲ್ಲ.

ಹಾಲು ಕುಡಿಯುವಾಗಲೂ ಗಮನ ಇರಲಿ. ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಹೊಂದಿಕೊಳ್ಳುವುದು 34 ವಾರದ ಸುಮಾರಿಗೆ. ಒಳಲೆಯಲ್ಲಿ ಕೊಡುವಾಗ ತಲೆ ಎತ್ತಿ ಹಿಡಿದು, ಸ್ವಲ್ಪ ಸ್ವಲ್ಪವೇ ಬಿಟ್ಟು, ನುಂಗಿದ್ದು ನೋಡಿ ಮುಂದಿನದು ಕೊಡಿ. ನಿದ್ದೆಯಲ್ಲಿರುವ ಮಗುವಿಗೆ ಸುರಿಯಬೇಡಿ.

ಇಲ್ಲಿ ಬೋರಲು ಮಲಗಿಸ್ತೀರಿ, ಮನೆಯಲ್ಲಿ ಬೇಡ ಅಂತೀರಿ. ಯಾವುದು ಸರಿ?

ಎರಡೂ. ಬೋರಲು ಮಲಗಿದರೆ ಸಣ್ಣ ಮಗುವಿನ ಎದೆಗೆ ಆಸರೆ ಸಿಕ್ಕಿ ಉಸಿರಾಟ ಸುಧಾರಿಸುತ್ತದೆ. ಇಲ್ಲಿ ಮಾನಿಟರ್ ಇದೆ, ನಾವಿದ್ದೇವೆ. ಮನೆಯಲ್ಲಿ ಅದೆರಡೂ ಇಲ್ಲ. ಬೋರಲು ಮಲಗಿದ ಮಕ್ಕಳು ನಿದ್ದೆಯಲ್ಲೇ ಹಠಾತ್ತಾಗಿ ಸಾಯುವ ಅಪಾಯ ಜಾಸ್ತಿ. ಹಾಗಾಗಿ ಮನೆಗೆ ಹೋಗುವ ಕೆಲವು ವಾರ ಮುಂಚಿನಿಂದಲೇ ಅಂಗಾತ ಮಲಗಿಸಿ ಅಭ್ಯಾಸ ಮಾಡಿಸುತ್ತೇವೆ.

ಮಗು ತೂಕ ಬಂದಿದೆ, ಹಾಲು ಕುಡಿಯುತ್ತೆ. ಯಾಕೆ ಬಿಡ್ತಾ ಇಲ್ಲ?

ಉಸಿರು ನಿಲ್ಲದ ದಿನಗಳ ಎಣಿಕೆ ನಡೆಯುತ್ತಿದೆ. ಹೆಚ್ಚಿನ ಮಕ್ಕಳಲ್ಲಿ ಗರ್ಭದ ವಾರ, ಹುಟ್ಟಿದ ಮೇಲಿನ ವಾರ ಸೇರಿಸಿ 36, 37 ವಾರಕ್ಕೆ ಇದು ನಿಲ್ಲುತ್ತದೆ. 28 ವಾರಕ್ಕಿಂತ ಮುಂಚೆ ಹುಟ್ಟಿದವರಲ್ಲಿ 40 ದಾಟಬಹುದು. ಕೊನೆಯ ಸಲ ಉಸಿರು ನಿಲ್ಲಿಸಿದ ಮೇಲೆ ಐದರಿಂದ ಏಳು ದಿನ ಏನೂ ಆಗದೆ ಕಳೆಯಬೇಕು. ಮಧ್ಯೆ ಒಂದು ಸಲ ಆದರೂ ಎಣಿಕೆ ಮತ್ತೆ ಒಂದರಿಂದ. ಕೆಫೀನ್ ಮೈಯಲ್ಲಿ ನಿಧಾನಕ್ಕೆ ಕರಗುತ್ತದಲ್ಲ, ನಿಲ್ಲಿಸಿದ ಎರಡೇ ದಿನಕ್ಕೆ ಮನೆಗೆ ಕಳಿಸಿದರೆ ಔಷಧಿಯ ಬಲದಲ್ಲೇ ಉಸಿರಾಡುತ್ತಿರುವ ಮಗುವನ್ನು ಕಳಿಸಿದ ಹಾಗೆ. ಆರನೇ ದಿನ ಎಣಿಕೆ ತಪ್ಪಿದಾಗ ಅಳುವ ತಾಯಂದಿರನ್ನು ನೋಡಿ ನಮಗೂ ಸಂಕಟವಾಗುತ್ತದೆ. ಆದರೂ ಈ ವಿಷಯದಲ್ಲಿ ಒತ್ತಾಯ ಮಾಡಿ, ಸಹಿ ಹಾಕಿ ಕರೆದುಕೊಂಡು ಹೋಗಬೇಡಿ ಅಂತಲೇ ನನ್ನ ಮಾತು.

ಮನೆಗೆ ಒಂದು ಮಾನಿಟರ್ ತಗೋಬೇಕಾ? ಆನ್‌ಲೈನ್‌ನಲ್ಲಿ ಕಾಲುಚೀಲದ ತರಹದ್ದು ಸಿಗುತ್ತೆ.

ಎಣಿಕೆ ಮುಗಿಸಿ ಹೋದ ಮಗುವಿಗೆ ಬೇಡ. ಹಠಾತ್ ಸಾವನ್ನು ಇವು ತಡೆಯುತ್ತವೆ ಅನ್ನುವುದಕ್ಕೆ ಆಧಾರವಿಲ್ಲ. ಸುಳ್ಳು ಅಲಾರಂ ಮಾತ್ರ ರಾತ್ರಿಯೆಲ್ಲ. ಮನೆಯಲ್ಲೂ ಆಕ್ಸಿಜನ್ ಬೇಕಾದ ಕೆಲವೇ ಮಕ್ಕಳ ವಿಷಯ ಬೇರೆ, ಅದನ್ನು ಡಾಕ್ಟರೇ ಬರೆದುಕೊಡುತ್ತಾರೆ.

ತೊಟ್ಟಿಲು, ಸೀರೆ ಜೋಲಿ, ಸಾಂಬ್ರಾಣಿ ಹೊಗೆ?

ಗಟ್ಟಿಯಾದ, ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತ, ದಿಂಬಿಲ್ಲದೆ. ತಾಯಿಯ ಕೋಣೆಯಲ್ಲೇ, ಆದರೆ ಬೇರೆ ಹಾಸಿಗೆ. ಮರದ ತೊಟ್ಟಿಲ ತಳ ಸಮವಾಗಿದ್ದರೆ ಪರವಾಗಿಲ್ಲ. ಸೀರೆ ಜೋಲಿ ಬೇಡ. ಅದರಲ್ಲಿ ಮಗು ಬಿಲ್ಲಿನಂತೆ ಬಾಗಿ ಗಲ್ಲ ಎದೆಗೆ ತಾಗುತ್ತದೆ, ಮೂಗು ಬಟ್ಟೆಗೆ ಒತ್ತುತ್ತದೆ, ಹೊರಗಿನಿಂದ ಮುಖವೂ ಕಾಣದು. ಮಂಡ್ಯದ ಬಸ್ಸಿನಲ್ಲಿ ಒಂದು ಗಂಟೆ ತೊಡೆಯ ಮೇಲೆ ಮುದುರಿಸಿಕೊಂಡು ಕೂತಾಗಲೂ ಇದೇ ಕಥೆ, ಕತ್ತು ನೋಡುತ್ತಿರಿ.

ಸಾಂಬ್ರಾಣಿ, ಒಲೆ ಹೊಗೆ, ಬೀಡಿ ಹೊಗೆ ಮೂರೂ ಬೇಡ. ಸಂಪ್ರದಾಯ ಬಿಡೋಕಾಗಲ್ಲ ಅಂದರೆ ಹೊಗೆ ಇನ್ನೊಂದು ಕೋಣೆಗೆ ಹಾಕಿ, ಮಗುವಿಗಲ್ಲ. ಮೂಗಿಗೆ, ಬಾಯಿಗೆ ಹರಳೆಣ್ಣೆ ಬಿಡುವುದಂತೂ ಖಂಡಿತ ಬೇಡ, ಅದು ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಜೇನುತುಪ್ಪ ಒಂದು ವರ್ಷ ತುಂಬುವ ತನಕ ಇಲ್ಲ. ನೆಗಡಿ ಇರುವ ನೆಂಟರು ಆಮೇಲೆ ಬರಲಿ. ನಮಗೆ ನೆಗಡಿ ತರುವ ವೈರಸ್ ಈ ಮಕ್ಕಳಲ್ಲಿ ಮತ್ತೆ ಉಸಿರು ನಿಲ್ಲಿಸಬಹುದು.

ಮನೆಯಲ್ಲಿ ಉಸಿರು ನಿಂತ ಹಾಗೆ ಕಂಡರೆ?

ಎದೆ, ಹೊಟ್ಟೆ ನೋಡಿ. ಅಂಗಾಲು ತಟ್ಟಿ, ಬೆನ್ನು ಉಜ್ಜಿ. ಕುಲುಕಬೇಡಿ, ನೀರು ಚಿಮುಕಿಸಬೇಡಿ. ಮಗು ಎಚ್ಚರಗೊಂಡು ಉಸಿರಾಡಿದರೂ ಅವತ್ತೇ ಆಸ್ಪತ್ರೆಗೆ ತೋರಿಸಿ.

ಎಚ್ಚರವಾಗದಿದ್ದರೆ ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಶುರು ಮಾಡಲಿ. ಗಟ್ಟಿ ಜಾಗದಲ್ಲಿ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಜಾಸ್ತಿ ಬಗ್ಗಿಸದೆ ನೇರ ಇಡಿ. ನಿಮ್ಮ ಬಾಯಿಂದ ಮಗುವಿನ ಬಾಯಿ ಮೂಗು ಎರಡೂ ಮುಚ್ಚಿ, ಕೆನ್ನೆಯಲ್ಲಿರುವಷ್ಟೇ ಗಾಳಿ ಊದಿ, ಎದೆ ಏಳುವುದು ನೋಡಿ. ಎರಡು ಸಲ. ಆಗಲೂ ಚಲನೆ ಇಲ್ಲದಿದ್ದರೆ ಮೊಲೆತೊಟ್ಟುಗಳ ಸಾಲಿನ ಸ್ವಲ್ಪ ಕೆಳಗೆ, ಎದೆಯ ನಡುವೆ ಎರಡೂ ಹೆಬ್ಬೆರಳಿಟ್ಟು, ಉಳಿದ ಬೆರಳುಗಳಿಂದ ಎದೆ ಸುತ್ತಿ ಹಿಡಿದು, ಎದೆಯ ಮೂರನೇ ಒಂದು ಭಾಗ ಇಳಿಯುವಷ್ಟು 30 ಸಲ ಬೇಗ ಬೇಗ ಒತ್ತಿ, ಮತ್ತೆ ಎರಡು ಉಸಿರು. ಸಹಾಯ ಬರುವ ತನಕ ಬಿಡಬೇಡಿ. ಓದಿದರೆ ಇದು ಕೈಗೆ ಬರುವುದಿಲ್ಲ. ಡಿಸ್ಚಾರ್ಜ್‌ಗೆ ಮುಂಚೆ ಗೊಂಬೆಯ ಮೇಲೆ ಮಾಡಿ ತೋರಿಸಿ ಅಂತ ಕೇಳಿ. ತಾಯಿ ಒಬ್ಬರಿಗೇ ಅಲ್ಲ, ರಾತ್ರಿ ಜೊತೆಗಿರುವವರಿಗೂ.

ಮುಂದೆ ಬುದ್ಧಿಗೆ ತೊಂದರೆ ಆಗುತ್ತಾ?

ಆಗೊಮ್ಮೆ ಈಗೊಮ್ಮೆ ನಿಂತು ಬೇಗ ಸರಿಹೋದ ಉಸಿರಿನಿಂದ ಆಗುತ್ತೆ ಅಂತ ಹೇಳಲಾಗದು. ಎಷ್ಟು ಬೇಗ ಹುಟ್ಟಿತು, ಮಿದುಳಿನಲ್ಲಿ ರಕ್ತಸ್ರಾವ ಆಯಿತಾ, ಸೋಂಕು ಬಂತಾ ಅನ್ನುವುದು ದೊಡ್ಡ ವಿಷಯ. ಫಾಲೋ ಅಪ್ ತಪ್ಪಿಸದಿದ್ದರೆ ತೊಂದರೆ ಬೇಗ ಗೊತ್ತಾಗುತ್ತದೆ. ಕಿವಿ ಪರೀಕ್ಷೆಯೂ ಆಗಲಿ, ಐಸಿಯುನಲ್ಲಿ ದಿನಗಟ್ಟಲೆ ಇದ್ದ ಮಕ್ಕಳಿಗೆ ಅದು ಬೇಕು. ಮೈಸೂರಿನವರಿಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಹತ್ತಿರದಲ್ಲೇ ಇರುವುದು ಪುಣ್ಯ. ಮತ್ತೆ, ಎರಡು ತಿಂಗಳು ಮುಂಚೆ ಹುಟ್ಟಿದ ಮಗು ಪಕ್ಕದ ಮನೆ ಮಗುವಿಗಿಂತ ಎರಡು ತಿಂಗಳು ತಡವಾಗಿ ಕೂತರೆ ಅದು ತಡವಲ್ಲ.

ಹರ್ನಿಯಾ ಆಪರೇಷನ್ ಹೇಳಿದ್ದಾರೆ. ಲಸಿಕೆಯೂ ಬಾಕಿ ಇದೆ.

ತಿಂಗಳು ತುಂಬದ ಗಂಡುಮಕ್ಕಳಲ್ಲಿ ಹರ್ನಿಯಾ ಸಾಮಾನ್ಯ. ಅರಿವಳಿಕೆ ಕೊಟ್ಟ ಮೇಲೆ ಈ ಮಕ್ಕಳು ಮತ್ತೆ ಉಸಿರು ನಿಲ್ಲಿಸಬಹುದು. ಹಾಗಾಗಿ ಮಗು ಬೇಗ ಹುಟ್ಟಿದ್ದು, ಅಪ್ನಿಯಾ ಇದ್ದದ್ದು ಅರಿವಳಿಕೆ ಡಾಕ್ಟರಿಗೆ ನೀವೇ ಹೇಳಿ. ರಾತ್ರಿ ಆಸ್ಪತ್ರೆಯಲ್ಲೇ ಇರಿಸಿದರೆ ಬೇಸರ ಬೇಡ. ಲಸಿಕೆ ಹುಟ್ಟಿದ ದಿನದ ಲೆಕ್ಕದಲ್ಲೇ ಹಾಕಿಸಬೇಕು. ತೀರಾ ಸಣ್ಣ ಮಗು ಇನ್ನೂ ಆಸ್ಪತ್ರೆಯಲ್ಲಿದ್ದರೆ ಲಸಿಕೆ ಆದ ಮೇಲೆ ಎರಡು ಮೂರು ದಿನ ಮಾನಿಟರ್ ಇಟ್ಟು ನೋಡುತ್ತಾರೆ.

ಖರ್ಚು ತಡೆಯೋಕೆ ಆಗ್ತಿಲ್ಲ.

ಸರ್ಕಾರಿ ಎಸ್‌ಎನ್‌ಸಿಯುನಲ್ಲಿ (ಕಾಯಿಲೆಯ ನವಜಾತ ಶಿಶುಗಳ ಘಟಕ) ಚಿಕಿತ್ಸೆ, ಔಷಧಿ, ಪರೀಕ್ಷೆ ಉಚಿತ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಇದು ನಿಮ್ಮ ಹಕ್ಕು. ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ). ಆದರೆ ಮಗುವನ್ನು ನೀವೇ ಎತ್ತಿಕೊಂಡು ಆಟೋದಲ್ಲಿ ಹೊರಡಬೇಡಿ. ಈಗಿರುವ ಆಸ್ಪತ್ರೆಯವರೇ ಅಲ್ಲಿ ಜಾಗ ಇದೆಯಾ ಕೇಳಿ, ಆಂಬುಲೆನ್ಸಿನಲ್ಲಿ ಕಳಿಸಲಿ.

ಮುಂದಿನ ಮಗುವಿಗೂ ಹೀಗೇ ಆಗುತ್ತಾ?

ತಿಂಗಳು ತುಂಬಿ ಹುಟ್ಟಿದರೆ ಇಲ್ಲ. ಆದರೆ ಒಂದು ಸಲ ಬೇಗ ಹೆರಿಗೆಯಾದವರಿಗೆ ಇನ್ನೊಂದು ಸಲವೂ ಆಗುವ ಸಾಧ್ಯತೆ ಜಾಸ್ತಿ. ಗೊತ್ತಾದ ಕೂಡಲೇ ಹೆಸರು ನೋಂದಾಯಿಸಿ. ಮೊದಲ ಮಗು ಎಷ್ಟನೇ ವಾರಕ್ಕೆ ಹುಟ್ಟಿತು ಅಂತ ತಾಯಿ ಕಾರ್ಡಿನಲ್ಲಿ ಬರೆಸಿ. ಮತ್ತೆ ನೋವು ಬೇಗ ಬಂದರೆ ಮಗುವಿನ ಶ್ವಾಸಕೋಶಕ್ಕೆ ಬಲ ಬರಲು ತಾಯಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ಅದು ಕೆಲಸ ಮಾಡಲು ಒಂದೆರಡು ದಿನ ಬೇಕು. ನೋವು ಸುಳ್ಳೋ ನಿಜವೋ ಅಂತ ಮನೆಯಲ್ಲಿ ಕಾದು ನೋಡಬೇಡಿ.